24 ಕಿ.ಮೀ. ಅಂದುಕೊಂಡೆ, 17ಕ್ಕೇ ಕತ್ತಲಾಯಿತು. ಲೆಕ್ಕ ಎಲ್ಲಿ ತಪ್ಪಿತು?

ಮಂಜುಹಾದಿ:
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಆರು ದಿನದ ಬೆಟ್ಟದ ಚಾರಣಕ್ಕೆ ಒಬ್ಬಂಟಿಯಾಗಿ ಹೋಗಿ ಬಂದೆ. ಐದು ದಿನ ಚೆನ್ನಾಗಿತ್ತು. ಮೂರನೇ ದಿನ ಮಾತ್ರ ಜೀವ ಹಿಂಡಿತು. ಆ ದಿನದ ಕಥೆ ಪೂರ್ತಿ ಹೇಳುತ್ತೇನೆ, ತಪ್ಪು ಎಲ್ಲಿ ಅಂತ ನೀವೇ ಹೇಳಿ.

ನಕ್ಷೆಯ ಪ್ರಕಾರ ಅವತ್ತು 24 ಕಿ.ಮೀ. ಒಟ್ಟು ಏರು 1,400 ಮೀಟರ್, ಇಳಿತ 900. ಮನೆ ಹತ್ತಿರ ಗಂಟೆಗೆ 5 ಕಿ.ಮೀ. ಆರಾಮಾಗಿ ನಡೆಯುತ್ತೇನೆ. ಬೆನ್ನಿಗೆ ಬ್ಯಾಗ್ ಇದೆ, ಬೆಟ್ಟ ಇದೆ, ಆದ್ದರಿಂದ 4 ಅಂತ ಇಟ್ಟುಕೊಂಡೆ. ಆರು ಗಂಟೆಯ ಕೆಲಸ. ಹಾಗಾದ್ರೆ ಅವಸರ ಯಾಕೆ? ಆರೂವರೆಗೆ ಎದ್ದೆ, ನೀರು ಕಾಯಿಸಿದೆ, ಇಬ್ಬನಿಗೆ ನೆನೆದಿದ್ದ ಟೆಂಟು ಒಣಗಲಿ ಅಂತ ಬಿಸಿಲಿಗೆ ಕಾದೆ. ಹೊರಟಾಗ 9:20.

ಮೊದಲ 5 ಕಿ.ಮೀ. ಕಾಡಿನೊಳಗೆ ಒಂದೇ ಸಮನೆ ಏರು, 700 ಮೀಟರ್. ಅಷ್ಟಕ್ಕೇ 11:50. ಎಡಗಾಲಿನ ಹಿಮ್ಮಡಿ ಉರಿಯುತ್ತಿತ್ತು, ಆಮೇಲೆ ನೋಡೋಣ ಅಂತ ಬಿಟ್ಟೆ. ಗುಡ್ಡದ ನೆತ್ತಿಯ ಮೇಲೆ ಅರ್ಧ ಗಂಟೆ ಊಟ. 11ನೇ ಕಿ.ಮೀ.ಗೆ ತಲುಪಿದಾಗ ಎರಡು ಗಂಟೆ. ಅಲ್ಲಿ ತೊರೆ ಇದೆ ಅಂತ ನಕ್ಷೆಯಲ್ಲಿತ್ತು, ಬರೀ ಕಲ್ಲಿತ್ತು. ಬ್ಯಾಗ್ ದಾರಿಯಲ್ಲೇ ಇಟ್ಟು ಕೆಳಗಿಳಿದು ನೀರು ಹುಡುಕಿ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. 13ನೇ ಕಿ.ಮೀ.ಯಲ್ಲಿ ಬೆಟ್ಟ ದಾಟುವ ಎತ್ತರದ ಕಣಿವೆ ಬಾಯಿ ದಾಟಿದ್ದು ನಾಲ್ಕಕ್ಕೆ. ಕಾಲು ಗಂಟೆಯಲ್ಲಿ ಮಳೆ. ಇಳಿಜಾರು, ಜಾರುವ ಕಲ್ಲು, ಮೊಣಕಾಲು ನಡುಗುತ್ತಿತ್ತು. 17 ಕಿ.ಮೀ. ಆದಾಗ 6:20. ಕತ್ತಲು ಇಳಿಯುತ್ತಿತ್ತು. ಸಿಕ್ಕಿದ ಜಾಗದಲ್ಲಿ ಟೆಂಟು ಹಾಕಿದೆ. ಅದು ಮಳೆನೀರು ಹರಿಯುವ ಜಾಗ ಅಂತ ರಾತ್ರಿ ಹನ್ನೊಂದಕ್ಕೆ ತಿಳಿಯಿತು.

ಹಿಂದಿನ ರಾತ್ರಿ ನನ್ನ ಪಕ್ಕದಲ್ಲೇ ಟೆಂಟು ಹಾಕಿದ್ದ ವಯಸ್ಸಾದ ದಂಪತಿ ಅದೇ 24 ಕಿ.ಮೀ. ಮುಗಿಸಿ ಮಧ್ಯಾಹ್ನ ಮೂರೂವರೆಗೆ ತಲುಪಿದ್ದರಂತೆ. ಅವರು ನಡೆಯುವುದು ನನಗಿಂತ ನಿಧಾನ, ಕಣ್ಣಾರೆ ನೋಡಿದ್ದೇನೆ. ನಾನು ದಿನಾ ಓಡುತ್ತೇನೆ. ದಮ್ಮು ಸಾಲದೆ ಹೀಗಾಯಿತಾ, ಇಲ್ಲ ಲೆಕ್ಕವೇ ತಪ್ಪಾ?

ಕಾಲುದಾರಿ:
ಲೆಕ್ಕ ತಪ್ಪು ಬ್ರೋ. ನೀವು ಏರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 1892ರಲ್ಲಿ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಅಂದಾಜು ಕೊಟ್ಟ, ಇವತ್ತಿಗೂ ಅದನ್ನೇ ಹಿಡಿದು ನಡೆಯುತ್ತೇವೆ. 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 24 ಕಿ.ಮೀ.ಗೆ 4 ಗಂಟೆ 48 ನಿಮಿಷ. 1,400 ಮೀಟರ್ ಏರಿಗೆ 2 ಗಂಟೆ 20 ನಿಮಿಷ. ಸೇರಿಸಿದರೆ 7 ಗಂಟೆ 8 ನಿಮಿಷ. ಇದರಲ್ಲಿ ಊಟ ಇಲ್ಲ, ನೀರು ಇಲ್ಲ, ಫೋಟೋ ಇಲ್ಲ.

ಬೆಟ್ಟದಪ್ರೇಮಿ:
ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.

ಹಳೇಬೂಟು:
ಈ ಗಾದೆ ಯಾರು ಹಾಕ್ತಾರೆ ಅಂತ ಕಾಯ್ತಾ ಇದ್ದೆ. ಮೂರನೇ ಪೋಸ್ಟಿಗೇ ಬಂತು.

ಕಾಲುದಾರಿ, ನಿಮ್ಮ ಅಂಕಿ ಸರಿಯಿಲ್ಲ. 300 ಮೀಟರ್ ಏರಿಗೆ ಒಂದು ಗಂಟೆ ಅಂತ ಇರಬೇಕು. ಮೂವತ್ತು ವರ್ಷದಿಂದ ನಡೀತಾ ಇದ್ದೀನಿ, 600 ಮೀಟರ್ ಒಂದು ಗಂಟೆಯಲ್ಲಿ ಹತ್ತಿದವರನ್ನು ಬೆರಳಲ್ಲಿ ಎಣಿಸಬಹುದು.

ಕಾಲುದಾರಿ:
ಸರ್, ಮೂಲದಲ್ಲಿ ಇರುವುದು 2,000 ಅಡಿಗೆ ಒಂದು ಗಂಟೆ. ಅಂದರೆ 600 ಮೀಟರ್ ಚಿಲ್ಲರೆ. ಇನ್ನೊಂದು ವಿಷಯ, ಇದು ಬರೀ ಏರಿನ ಗಂಟೆ ಅಲ್ಲ. ನೆಲದ ದೂರಕ್ಕೆ ಕೊಟ್ಟ ಸಮಯದ ಮೇಲೆ ಸೇರಿಸುವ ಗಂಟೆ. 5 ಕಿ.ಮೀ. ದಾರಿಯಲ್ಲಿ 600 ಮೀಟರ್ ಹತ್ತಿದರೆ ಒಟ್ಟು ಎರಡು ಗಂಟೆ ಆಗುತ್ತದೆ. ನೀವು ಕಣ್ಣಿಂದ ನೋಡಿರುವುದೂ ಅದೇ ಇರಬೇಕು.

ಹಳೇಬೂಟು:
ಹಾಗೆ ನೋಡಿದರೆ ಸರಿ. ಒಪ್ಪಿದೆ. ಆದರೂ ಅದು ಗಟ್ಟಿ ಆಳುಗಳ ಲೆಕ್ಕ, ಭಾರ ಹೊತ್ತವರದ್ದಲ್ಲ.

ಮೊಣಕಾಲುಸಾಕು:
ಇಳಿತವನ್ನು ಯಾರೂ ಎಣಿಸಲಿಲ್ಲ ಅಲ್ವಾ. ನೈಸ್ಮಿತ್ ಲೆಕ್ಕದಲ್ಲಿ ಇಳಿಯುವುದು ಪುಕ್ಕಟೆ. ಆಮೇಲೆ ಲ್ಯಾಂಗ್‌ಮಿಯರ್ ಅನ್ನುವವರು ಅದನ್ನು ತಿದ್ದಿದರು. ಸೌಮ್ಯವಾದ ಇಳಿಜಾರಾದರೆ ಪ್ರತಿ 300 ಮೀಟರಿಗೆ 10 ನಿಮಿಷ ಕಳೆಯಬೇಕು, ಕಡಿದಾದ ಇಳಿಜಾರಾದರೆ 10 ನಿಮಿಷ ಕೂಡಿಸಬೇಕು. ಇವರ 900 ಮೀಟರ್ ಪೂರ್ತಿ ಕಡಿದು ಅಂದುಕೊಂಡರೆ ಇನ್ನೂ ಅರ್ಧ ಗಂಟೆ. ಮಳೆಯಲ್ಲಿ ನೆನೆದ ಕಲ್ಲಿಗೆ ಎಷ್ಟು ಕೂಡಿಸಬೇಕು ಅಂತ ಯಾವ ಸೂತ್ರವೂ ಹೇಳುವುದಿಲ್ಲ.

ಏರುವಾಗ ಎದೆ ಕೂಗುತ್ತದೆ, ನಿಲ್ಲುತ್ತೀರಿ. ಇಳಿಯುವಾಗ ಎದೆ ಸುಮ್ಮನಿರುತ್ತದೆ, ಮೊಣಕಾಲು ಸಾಲ ಮಾಡುತ್ತಾ ಹೋಗುತ್ತದೆ. ಬಡ್ಡಿ ಮರುದಿನ ಬೆಳಿಗ್ಗೆ.

ಗ್ರಾಂಲೆಕ್ಕ:
ಒಂದೇ ಪ್ರಶ್ನೆ. ಬ್ಯಾಗ್ ಎಷ್ಟು ತೂಕ? ಒಳಗೆ ಏನೇನಿತ್ತು?

ಮಂಜುಹಾದಿ:
ಮೊದಲಿಗೆ, ನಾನು ಬ್ರೋ ಅಲ್ಲ. ಪರವಾಗಿಲ್ಲ.

ಹೊರಟ ದಿನ ನೀರು ಸೇರಿ ಹೆಚ್ಚುಕಮ್ಮಿ ಹದಿನೆಂಟೂವರೆ ಕಿಲೋ. ಮೂರನೇ ದಿನಕ್ಕೆ ಎರಡು ದಿನದ ತಿಂಡಿ ಖಾಲಿಯಾಗಿ 17ರ ಹತ್ತಿರ. ಟೆಂಟು 3 ಕಿಲೋ, ಸ್ಲೀಪಿಂಗ್ ಬ್ಯಾಗ್ 2, ಬ್ಯಾಗೇ 2.2. ಆರು ದಿನದ ಊಟ 5. ನೀರು 2 ಲೀಟರ್. ಬಟ್ಟೆ 2 ಕಿಲೋ, ಅದರಲ್ಲಿ ಒಂದು ಜೀನ್ಸ್ ಇತ್ತು, ನಗಬೇಡಿ. ಸ್ಟವ್, ಪಾತ್ರೆ, ಗ್ಯಾಸ್ ಸೇರಿ 1. ಕ್ಯಾಮೆರಾ. ಮತ್ತೆ ಒಂದು ದಪ್ಪ ಕಾದಂಬರಿ. ನಾಲ್ಕು ಪುಟ ಓದಿದೆ.

ಕಾಲುದಾರಿ:
ಕ್ಷಮಿಸಿ ಮೇಡಂ.

ಗ್ರಾಂಲೆಕ್ಕ:
ನಗಲಿಲ್ಲ, ಅತ್ತುಬಿಟ್ಟೆ.

ಊಟ, ನೀರು, ಗ್ಯಾಸ್ ಬಿಟ್ಟು ಉಳಿದದ್ದನ್ನು ಮೂಲ ತೂಕ ಅನ್ನುತ್ತೇವೆ. ನಿಮ್ಮದು ಹನ್ನೊಂದೂವರೆ ಕಿಲೋ ಆಸುಪಾಸು ಬರುತ್ತದೆ. ಸಾಮಾನ್ಯವಾಗಿ 9 ಕಿಲೋ ಒಳಗಿದ್ದರೆ ಹಗುರ ಅನ್ನುತ್ತಾರೆ. 4.5 ಕಿಲೋ ಒಳಗಿದ್ದರೆ ಅತಿ ಹಗುರ, ಅದು ಹುಚ್ಚರ ಕೆಲಸ. ನಾನು ಆ ಹುಚ್ಚರಲ್ಲೊಬ್ಬ. ನಿಮಗೆ ಅಷ್ಟೆಲ್ಲ ಬೇಡ. ಟೆಂಟು, ಸ್ಲೀಪಿಂಗ್ ಬ್ಯಾಗ್, ಬ್ಯಾಗು, ಈ ಮೂರೇ 7.2 ಕಿಲೋ ಇದೆ. ಕಡಿಮೆ ಮಾಡುವುದಾದರೆ ಅಲ್ಲಿಂದ ಶುರು ಮಾಡಿ. ಸೋಪು ಅರ್ಧ ಕತ್ತರಿಸಿ ಏನೂ ಪ್ರಯೋಜನ ಇಲ್ಲ.

ಜೀನ್ಸ್ ವಿಷಯ ತೂಕದ್ದಲ್ಲ, ಅಪಾಯದ್ದು. ಹತ್ತಿ ಬಟ್ಟೆ ನೀರು ಕುಡಿದು ಕೂರುತ್ತದೆ, ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ತಗೊಳ್ಳಿ.

ಊಟಕ್ಕೆ ದಿನಕ್ಕೆ 830 ಗ್ರಾಂ ಜಾಸ್ತಿ ಅಂತ ನಾನು ಹೇಳುವುದಿಲ್ಲ. ಹೊತ್ತು ನಡೆಯುವ ದಿನ ಹಸಿವು ಬೇರೆಯೇ ಇರುತ್ತದೆ. ಆದರೆ ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಸಕ್ಕರೆ ಅಥವಾ ಹಿಟ್ಟಿನಲ್ಲಿ 4. ಬೀಜಗಳು, ಎಣ್ಣೆ ಅಂಶ ಜಾಸ್ತಿ ಇರುವುದನ್ನು ಇಟ್ಟರೆ ಅದೇ ಶಕ್ತಿ ಕಡಿಮೆ ತೂಕದಲ್ಲಿ ಸಿಗುತ್ತದೆ.

ಸುಮ್ನೆಬಂದೆ:
ಇವರು ಟೂತ್‌ಬ್ರಷ್ಷಿನ ಹಿಡಿ ಕತ್ತರಿಸಿಕೊಂಡು ಹೋಗುವ ಪೈಕಿ ಅಂತ ನನ್ನ ಬಲವಾದ ಅನುಮಾನ.

ಗ್ರಾಂಲೆಕ್ಕ:
ಕತ್ತರಿಸಿದ್ದೇನೆ. 6 ಗ್ರಾಂ ಉಳಿಯಿತು. ಪಶ್ಚಾತ್ತಾಪ ಇಲ್ಲ.

ಹಳೇಬೂಟು:
ಎಲ್ಲ ಹಗುರ ಹಗುರ ಅಂತ ಹೋಗಿ ಮಳೆಯಲ್ಲಿ ನಡುಗುತ್ತಾ ಕೂತವರನ್ನೂ ನೋಡಿದ್ದೇನೆ. ಮೇಡಂ, ಕಾಲಿಗೆ ಏನು ಹಾಕಿದ್ದಿರಿ? ಗಟ್ಟಿ ಚರ್ಮದ ಬೂಟು ಹಾಕಿದ್ದರೆ ಹಿಮ್ಮಡಿ ಉರಿಯುತ್ತಿರಲಿಲ್ಲ.

ಮಂಜುಹಾದಿ:
ಗಟ್ಟಿ ಚರ್ಮದ ಬೂಟೇ ಹಾಕಿದ್ದೆ ಸರ್. ಹೊಸದು.

ಹಳೇಬೂಟು:
ಹೊಸ ಬೂಟು ಹಾಕಿಕೊಂಡು ಆರು ದಿನದ ಚಾರಣಕ್ಕಾ? ನನಗೆ ಮಾತೇ ಹೊರಡುತ್ತಿಲ್ಲ.

ಓಟದಶೂ:
ಹಳೇಬೂಟು ಸರ್‌ಗೆ ಮಾತು ಹೊರಡದೇ ಇದ್ದದ್ದು ಇದೇ ಮೊದಲು.

ಬೂಟು ಬೇಕೇ ಬೇಕು ಅನ್ನುವ ಕಾಲ ಹೋಯಿತು. ದಾರಿ ಸರಿ ಇದ್ದರೆ, ಹಿಮ ಇಲ್ಲದಿದ್ದರೆ, ಹಗುರವಾದ ಟ್ರೇಲ್ ಶೂ ಸಾಕು. ನೆನೆದರೆ ನಡೆಯುತ್ತಲೇ ಒಣಗುತ್ತದೆ. ನೀರು ತಡೆಯುವ ಬೂಟಿನೊಳಗೆ ಮೇಲಿಂದ ನೀರು ಹೋಯಿತೋ, ಅದು ಬಕೆಟ್ಟು. ಎರಡು ದಿನ ಒಣಗುವುದಿಲ್ಲ. ಕಾಲಿನ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ಐದು ಕಿಲೋಗೆ ಸಮ ಅಂತ ಚಾರಣಿಗರು ಹೇಳುವುದು ಸುಮ್ಮನೆ ಅಲ್ಲ.

ಹಳೇಬೂಟು:
ಟ್ರೇಲ್ ಶೂ ಹಾಕಿ ಪಾದ ಹೊರಳಿಸಿಕೊಂಡವರನ್ನು ಹೊತ್ತು ಇಳಿಸಿದ್ದು ನಾನು, ನೀವಲ್ಲ.

ಕಥೆಗಾರ್ತಿ:
ಶೂ ಜಗಳಕ್ಕೆ ನನ್ನದೂ ಒಂದು ಮಾತು. ಎಮ್ಮಾ ಗೇಟ್‌ವುಡ್ ಅಂತ ಒಬ್ಬ ಅಜ್ಜಿ. 11 ಮಕ್ಕಳ ತಾಯಿ. 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲಾಚಿಯನ್ ಟ್ರೇಲ್ ಪೂರ್ತಿ ಒಬ್ಬಳೇ ನಡೆದಳು. ಆ ದಾರಿ ಈಗ ಸುಮಾರು 3,500 ಕಿ.ಮೀ. ಇದೆ. ಕಾಲಿಗೆ ಕ್ಯಾನ್ವಾಸ್ ಶೂ. ಹೆಗಲಿಗೆ ತಾನೇ ಹೊಲಿದ ಒಂದು ಚೀಲ. ಟೆಂಟು ಇಲ್ಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ.

ಹಳೇಬೂಟು:
ಅಜ್ಜಿ ಗಟ್ಟಿಗಿತ್ತಿ, ಒಪ್ಪುತ್ತೇನೆ. ಹೊಲದಲ್ಲಿ ದುಡಿದ ಕಾಲು ಅದು. ಆಫೀಸಿನ ಕುರ್ಚಿಯಲ್ಲಿ ಕೂತ ಕಾಲಿಗೆ ಹೋಲಿಸಬೇಡಿ.

ಕಥೆಗಾರ್ತಿ:
ಅದಕ್ಕಿಂತ ಮಂಜುಹಾದಿಗೆ ಬೇಕಾದ ಭಾಗ ಬೇರೆ ಇದೆ. ಅಜ್ಜಿ ಅದರ ಹಿಂದಿನ ವರ್ಷ, 1954ರಲ್ಲಿ, ಉತ್ತರದ ತುದಿಯಿಂದ ಶುರು ಮಾಡಿದ್ದಳು. ಸ್ವಲ್ಪ ದೂರದಲ್ಲೇ ದಾರಿ ತಪ್ಪಿದಳು, ಕನ್ನಡಕ ಒಡೆಯಿತು, ಅರಣ್ಯ ಕಾವಲಿನವರು ಮನೆಗೆ ಹೋಗಿ ಅಂದರು. ಹೋದಳು. ಮುಂದಿನ ವರ್ಷ ಇನ್ನೊಂದು ತುದಿಯಿಂದ ಬಂದು ಮುಗಿಸಿದಳು. ನಿಮ್ಮದು 7 ಕಿ.ಮೀ. ಬಾಕಿ, ಅಷ್ಟೇ.

ಹಿಮ್ಮಡಿ:
ಗುಳ್ಳೆ ಬಗ್ಗೆ ಯಾರೂ ಹೇಳಲಿಲ್ಲ, ಬರೀ ಬೂಟಿನ ಜಗಳ. ಉರಿ ಶುರುವಾದ ತಕ್ಷಣ ನಿಲ್ಲಬೇಕು. ಆಮೇಲೆ ಅಂದರೆ ಆಮೇಲೆ ಗುಳ್ಳೆ ಇರುತ್ತದೆ. ಶೂ ಬಿಚ್ಚಿ, ಕಾಲು ಒರೆಸಿ, ಒಣಗಿಸಿ, ಉರಿಯುವ ಜಾಗಕ್ಕೆ ಟೇಪ್ ಅಂಟಿಸಿ, ಒಣ ಕಾಲುಚೀಲ ಹಾಕಿ. ಐದು ನಿಮಿಷ. ಒದ್ದೆ ಚರ್ಮ ಬೇಗ ಕೀಳುತ್ತದೆ, ಅದಕ್ಕೇ ಊಟಕ್ಕೆ ಕೂತಾಗೆಲ್ಲ ನಾನು ಶೂ ಬಿಚ್ಚುತ್ತೇನೆ. ಪಕ್ಕದವರಿಗೆ ವಾಸನೆ. ಅದು ಅವರ ಸಮಸ್ಯೆ.

ತೊರೆನೀರು:
ಆ ಕೆಳಗಿಂದ ತಂದ ನೀರನ್ನು ಹಾಗೇ ಕುಡಿದಿರಾ ಮೇಡಂ?

ಮಂಜುಹಾದಿ:
ಫಿಲ್ಟರ್ ಇತ್ತು. ಹಿಂದಿನ ರಾತ್ರಿ ಬ್ಯಾಗಿನ ಹೊರಗಿನ ಜೇಬಿನಲ್ಲಿಟ್ಟಿದ್ದೆ. ಬೆಳಿಗ್ಗೆ ಟೆಂಟಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕೂತಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ತೊರೆನೀರು:
ಅಯ್ಯೋ. ಸಂಬಂಧ ಇದೆ. ಕೊಳವೆಯಂಥ ಸಣ್ಣ ಎಳೆಗಳಿರುವ ಫಿಲ್ಟರ್ ಆದರೆ, ಒಮ್ಮೆ ಬಳಸಿದ ಮೇಲೆ ಒಳಗೆ ನೀರು ಉಳಿದಿರುತ್ತದೆ. ಅದು ಹೆಪ್ಪುಗಟ್ಟಿದರೆ ಎಳೆಗಳು ಬಿರಿಯುತ್ತವೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ, ನೀರು ಚೆನ್ನಾಗಿಯೇ ಬರುತ್ತದೆ, ಆದರೆ ರೋಗಾಣುವೂ ಬರುತ್ತದೆ. ಚಳಿಯ ರಾತ್ರಿ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಬೇಕು. ಆ ಫಿಲ್ಟರನ್ನು ಬಿಸಾಡಿ, ಬೇರೆ ತಗೊಳ್ಳಿ.

ಸುಮ್ನೆಬಂದೆ:
ಕುದಿಸಿದರೆ ಆಯಿತಪ್ಪ. ಇಪ್ಪತ್ತು ನಿಮಿಷ ಕುದಿಸಿದರೆ ಯಾವ ರೋಗಾಣು ಉಳಿಯುತ್ತದೆ?

ತೊರೆನೀರು:
ಇಪ್ಪತ್ತು ನಿಮಿಷ ಕುದಿಸಿದರೆ ಗ್ಯಾಸೂ ಉಳಿಯುವುದಿಲ್ಲ. ಜೋರಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಸುಮಾರು 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ, 3,000 ಮೀಟರಿನಲ್ಲಿ ಸುಮಾರು 90 ಡಿಗ್ರಿಗೆ. ಅದಕ್ಕೇ ಆ ಎರಡು ನಿಮಿಷ ಜಾಸ್ತಿ. ನಿಮ್ಮ ಅನ್ನ ಅಲ್ಲಿ ಬೇಯದೇ ಇರುವುದಕ್ಕೂ ಇದೇ ಕಾರಣ.

ರಾತ್ರಿಪಾಳಿ:
ನನಗೆ ನೀರಿಗಿಂತ ಭಯ ಆದದ್ದು ಇನ್ನೊಂದು ಸಾಲು. ಬ್ಯಾಗ್ ದಾರಿಯಲ್ಲೇ ಇಟ್ಟು ಕೆಳಗಿಳಿದೆ ಅಂದಿದ್ದೀರಿ. ಹತ್ತು ನಿಮಿಷದಲ್ಲಿ ಮೋಡ ಮುಚ್ಚಿದರೆ ಬ್ಯಾಗ್ ಎಲ್ಲಿ, ನೀವೆಲ್ಲಿ? ಟೆಂಟು, ಬೆಚ್ಚನೆ ಬಟ್ಟೆ, ಟಾರ್ಚು ಎಲ್ಲ ಮೇಲೆ. ಒಬ್ಬರೇ ಇದ್ದಾಗ ಹಾಗೆ ಮಾಡಬಾರದು. ಬಿಡಲೇಬೇಕಾದರೆ ಫೋನು, ಟಾರ್ಚು, ಜಾಕೆಟ್ಟು, ಸೀಟಿ ಜೇಬಿನಲ್ಲಿರಲಿ.

ಮಂಜುಹಾದಿ:
ಒಪ್ಪಿಕೊಂಡೆ. ವಾಪಸ್ ಹತ್ತುವಾಗ ಎರಡು ನಿಮಿಷ ಬ್ಯಾಗ್ ಕಾಣಲಿಲ್ಲ. ಆ ಎರಡು ನಿಮಿಷ ನಾನು ಯಾರಿಗೂ ಹೇಳಿರಲಿಲ್ಲ, ಇಲ್ಲೇ ಮೊದಲು.

ಕುತೂಹಲಿ:
ಒಂದು ದಡ್ಡ ಪ್ರಶ್ನೆ. ಇಲ್ಲಿ ಹಳೇ ಚರ್ಚೆಗಳಲ್ಲಿ ಝೀರೋ, ನೀರೋ ಅಂತ ಬರೆದಿದ್ದಾರೆ. ನೀರೋ ಅಂದ್ರೆ ನೀರು ತುಂಬಿಸುವ ದಿನವಾ?

ಕಾಲುದಾರಿ:
ಹಹ್ಹಾ. ಅಲ್ಲ. ಒಂದು ಹೆಜ್ಜೆಯೂ ಮುಂದೆ ನಡೆಯದೆ ಪೂರ್ತಿ ವಿಶ್ರಾಂತಿ ಪಡೆದರೆ ಝೀರೋ. ಸೊನ್ನೆಯ ಹತ್ತಿರ, ಅಂದರೆ ಬೆಳಿಗ್ಗೆ ನಾಲ್ಕೈದು ಕಿ.ಮೀ. ನಡೆದು ಊರು ಸೇರಿ ಬಿದ್ದುಕೊಂಡರೆ ನೀರೋ. ತಿಂಗಳುಗಟ್ಟಲೆ ನಡೆಯುವವರ ಭಾಷೆ ಅದು. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಸುಮಾರು 4,265 ಕಿ.ಮೀ. ಐದು ತಿಂಗಳಲ್ಲಿ ಮುಗಿಸಬೇಕೆಂದರೆ ಝೀರೋಗಳನ್ನೂ ಸೇರಿಸಿ ದಿನಕ್ಕೆ ಸರಾಸರಿ 28 ಕಿ.ಮೀ. ಬೀಳುತ್ತದೆ.

ಕುತೂಹಲಿ:
ದಿನಾ 28! ಇವರು 24ಕ್ಕೇ ಇಷ್ಟು ಪಟ್ಟಿದ್ದಾರೆ.

ಕಾಲುದಾರಿ:
ಅವರೂ ಮೊದಲ ವಾರ ಹಾಗೆ ನಡೆಯುವುದಿಲ್ಲ. ಶುರುವಿನಲ್ಲಿ 15, 16. ಮೈ ಒಗ್ಗಿದ ಮೇಲೆ 30 ದಾಟುತ್ತಾರೆ. ಮೂರನೇ ದಿನವೇ 24 ಇಟ್ಟದ್ದು ಕೂಡ ನಿಮ್ಮ ಒಂದು ತಪ್ಪು ಮೇಡಂ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ನಿಧಾನಿ:
ಮೊದಲಿಂದ ಓದಿಕೊಂಡು ಬಂದೆ. ಎಲ್ಲರೂ ಹೇಳಿದ್ದು ಸರಿ. ಆದರೆ ಅವರು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ದಮ್ಮು ಸಾಲದೆ ಹೀಗಾಯಿತಾ ಅಂತ ಕೇಳಿದ್ದರು.

ನಾನು ಪೆನ್ನು ಹಿಡಿದು ಕೂತೆ. 17 ಕಿ.ಮೀ.ವರೆಗೆ ಅವರು ಹತ್ತಿದ್ದು ಅಂದಾಜು 1,250 ಮೀಟರ್ ಅಂದುಕೊಳ್ಳಿ. ನೈಸ್ಮಿತ್ ಪ್ರಕಾರ ಅದಕ್ಕೆ 5 ಗಂಟೆ 29 ನಿಮಿಷ. 17 ಕಿಲೋ ಹೊರೆಗೆ ನಾನು ಐದನೇ ಒಂದು ಭಾಗ ಕೂಡಿಸುತ್ತೇನೆ, ನನ್ನ ಸ್ವಂತ ಅಂದಾಜು. ಆರೂವರೆ ಗಂಟೆ ಆಯಿತು. ಅವರು ದಾರಿಯಲ್ಲಿ ಇದ್ದದ್ದು 9:20ರಿಂದ 6:20, ಒಂಬತ್ತು ಗಂಟೆ. ಊಟ ಅರ್ಧ, ನೀರು ಮುಕ್ಕಾಲು, ಉಸಿರು, ಫೋಟೋ, ಜಾಕೆಟ್ಟು ಹಾಕುವುದು ಬಿಚ್ಚುವುದು ಎಲ್ಲ ಸೇರಿ ಒಂದು ಗಂಟೆ ತೆಗೆಯಿರಿ. ನಡೆದದ್ದು ಆರೂ ಮುಕ್ಕಾಲು. ಅಂದರೆ ಮಳೆಯಲ್ಲಿ, ಗುಳ್ಳೆ ಕಾಲಲ್ಲಿ, ಹೊಸ ಬೂಟಿನಲ್ಲಿ ಕೂಡ ಅವರ ನಡಿಗೆ ಎಷ್ಟಿರಬೇಕೋ ಅಷ್ಟೇ ಇತ್ತು. ಕಾಲಿನ ತಪ್ಪು ಏನೂ ಇಲ್ಲ.

ಈಗ ಉಳಿದ 7 ಕಿ.ಮೀ. ನೋಡಿ. ಅದಕ್ಕೆ ಇನ್ನೊಂದು ಎರಡು ಗಂಟೆ ಬೇಕಿತ್ತು, ಅಂದರೆ ರಾತ್ರಿ 8:20. ಬೆಳಿಗ್ಗೆ 9:20ರ ಬದಲು ಏಳಕ್ಕೆ ಹೊರಟಿದ್ದರೆ? ಆರು ಗಂಟೆಗೆ ತಲುಪುತ್ತಿದ್ದರು, ಬೆಳಕಿರುವಾಗಲೇ. ಇನ್ನೂ ಮುಖ್ಯವಾದದ್ದು, ಕಣಿವೆ ಬಾಯಿ ದಾಟುತ್ತಿದ್ದದ್ದು ನಾಲ್ಕಕ್ಕಲ್ಲ, 1:40ಕ್ಕೆ. ಮಳೆ ಬಂದದ್ದು 4:15ಕ್ಕೆ. ಆ ಜಾರುವ ಇಳಿಜಾರನ್ನು ಒಣ ಕಲ್ಲಿನ ಮೇಲೆ ಇಳಿದು ಮುಗಿಸಿರುತ್ತಿದ್ದರು. ಬೆಟ್ಟಗಳಲ್ಲಿ ಮೋಡ ಕಟ್ಟಿ ಗುಡುಗುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಅದಕ್ಕೇ ಎತ್ತರದ ಜಾಗವನ್ನು ಬೆಳಿಗ್ಗೆಯೇ ದಾಟಬೇಕು ಅನ್ನುವುದು.

ಆ ದಂಪತಿ ಎಷ್ಟು ಗಂಟೆಗೆ ಹೊರಟರು ಅಂತ ನೀವು ಬರೆದಿಲ್ಲ. ನಾನು ಹೇಳಲಾ? ಆರಕ್ಕೆ, ಆರೂಕಾಲಕ್ಕೆ.

ಮಂಜುಹಾದಿ:
ಆರೂಕಾಲು. ನಾನು ಮಲಗಿದ್ದಾಗ ಅವರ ಟಾರ್ಚಿನ ಬೆಳಕು ಟೆಂಟಿನ ಮೇಲೆ ಬಿದ್ದು ಬೈದುಕೊಂಡಿದ್ದೆ. ನಿಮಗೆ ಹೇಗೆ ಗೊತ್ತಾಯಿತು?

ನಿಧಾನಿ:
ವಯಸ್ಸಾದವರಿಗೆ ಬೇರೆ ದಾರಿಯೇ ಇಲ್ಲಮ್ಮ. ನಾನೂ ಆ ಪೈಕಿ.

ನನ್ನ ಬೆಳಿಗ್ಗೆ ಹೀಗಿರುತ್ತದೆ. ರಾತ್ರಿಯೇ ನೀರು ತುಂಬಿಸಿ ಇಟ್ಟಿರುತ್ತೇನೆ. ಮಧ್ಯಾಹ್ನದ ತಿಂಡಿ ಬ್ಯಾಗಿನ ಮೇಲ್ಭಾಗದಲ್ಲಿ ರೆಡಿ. ಎದ್ದ ತಕ್ಷಣ ಸ್ಲೀಪಿಂಗ್ ಬ್ಯಾಗಿನೊಳಗೆ ಕೂತೇ ಕೆಳಗಿನ ಗಾಳಿಹಾಸಿಗೆಯ ಗಾಳಿ ಬಿಟ್ಟು ಮಡಚಲು ಶುರು. ಒದ್ದೆ ಟೆಂಟು ಒಣಗಲಿ ಅಂತ ಕಾಯುವುದಿಲ್ಲ. ಕೊಡವಿ, ಒಂದು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಮಧ್ಯಾಹ್ನ ಊಟದ ಹೊತ್ತಿಗೆ ಬಿಸಿಲಿಗೆ ಹರಡುತ್ತೇನೆ. ಹೊರಡುವ ಮುಂಚೆ ಜಾಕೆಟ್ಟು ಬಿಚ್ಚುತ್ತೇನೆ, ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟರೆ ಹತ್ತೇ ನಿಮಿಷಕ್ಕೆ ಬೆವತು ನಿಲ್ಲಬೇಕಾಗುತ್ತದೆ. ಎದ್ದು ಮುಕ್ಕಾಲು ಗಂಟೆಯಲ್ಲಿ ದಾರಿಯಲ್ಲಿರುತ್ತೇನೆ. ಆಮೇಲೆ ಮಾತಾಡಿಕೊಂಡು ಹೋಗುವಷ್ಟೇ ವೇಗ. ಮಾತಾಡಲು ಉಸಿರು ಸಿಗುತ್ತಿಲ್ಲ ಅಂದರೆ ಜೋರಾಯಿತು ಅಂತ ಅರ್ಥ.

ಮೊಣಕಾಲುಸಾಕು:
ಜೊತೆಗೆ ಎರಡು ಕೋಲು. ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಿ, ಸಣ್ಣ ಸಣ್ಣ ಹೆಜ್ಜೆ ಇಡಿ. ಮೊಣಕಾಲು ನಿಮ್ಮನ್ನು ಹರಸುತ್ತದೆ.

ಸುಮ್ನೆಬಂದೆ:
ಕೋಲು ಹಿಡಿದು ಹೋಗುವವರ ಟಕ್ ಟಕ್ ಸದ್ದು ಕೇಳಿದರೆ ನನಗೆ ತಲೆನೋವು.

ಮೊಣಕಾಲುಸಾಕು:
ನಿಮಗೆ ಇನ್ನೂ ನಲವತ್ತಾಗಿಲ್ಲ ಅಂತ ಕಾಣುತ್ತದೆ.

ರಾತ್ರಿಪಾಳಿ:
ನಿಧಾನಿಯವರ ಲೆಕ್ಕಕ್ಕೆ ಒಂದೇ ಸೇರ್ಪಡೆ. ಬೇಗ ಹೊರಟ ದಿನವೂ ಏನಾದರೂ ಕೆಡಬಹುದು. ಆದ್ದರಿಂದ ಹೊರಡುವಾಗಲೇ ನಿಲ್ಲುವ ಗಂಟೆ ಒಂದು ಗೊತ್ತು ಮಾಡಿಕೊಳ್ಳಿ. ನನ್ನದು ಸೂರ್ಯ ಮುಳುಗುವ ಎರಡು ಗಂಟೆ ಮುಂಚೆ. ಆ ಹೊತ್ತಿಗೆ ಎಲ್ಲಿರುತ್ತೇನೋ, ಅಲ್ಲಿಂದ ಮುಂದೆ ಸಿಗುವ ಮೊದಲ ಒಳ್ಳೆ ಜಾಗದಲ್ಲಿ ಟೆಂಟು. ಬೆಳಕಿದ್ದರೆ ಜಾಗ ನೋಡಲು ಬರುತ್ತದೆ. ಎಲೆ, ಕಸ ಒಂದೇ ದಿಕ್ಕಿಗೆ ಬಾಚಿದ ಹಾಗೆ ಮಲಗಿದೆಯಾ? ಅಲ್ಲಿ ನೀರು ಹರಿಯುತ್ತದೆ. ಮೇಲೆ ಒಣಗಿದ ಕೊಂಬೆ ಇದೆಯಾ? ಬೇಡ. ಕತ್ತಲಲ್ಲಿ ಇದ್ಯಾವುದೂ ಕಾಣುವುದಿಲ್ಲ, ಬರೀ ಸಮತಟ್ಟು ಕಾಣುತ್ತದೆ. ಸಮತಟ್ಟಾದ ತಗ್ಗು ಅಂದರೆ ಮಳೆಗಾಲದ ಕೆರೆ.

ರಾತ್ರಿ ನೀರು ಬಂದ ಮೇಲೆ ಏನು ಮಾಡಿದಿರಿ? ಅಲ್ಲಿ ಚಳಿ ಎಷ್ಟಿತ್ತು?

ಮಂಜುಹಾದಿ:
ಐದಾರು ಡಿಗ್ರಿ ಇರಬಹುದು. ಜೀನ್ಸ್ ಒದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು. ಎಲ್ಲ ಬಿಚ್ಚಿ ಉಳಿದಿದ್ದ ಒಂದೇ ಒಣ ಜೊತೆ ಹಾಕಿಕೊಂಡೆ. ಟೆಂಟನ್ನು ಹತ್ತು ಮೀಟರ್ ಮೇಲಕ್ಕೆ ಎಳೆದೆ. ಸಿಹಿ ಬಿಸಿನೀರು ಕುಡಿದು, ಒಂದು ಮುಷ್ಟಿ ಬೀಜ ತಿಂದು, ಬಿಸಿನೀರಿನ ಬಾಟಲಿ ಹೊಟ್ಟೆಗೆ ಒತ್ತಿಕೊಂಡು ಮಲಗಿದೆ.

ರಾತ್ರಿಪಾಳಿ:
ಎಲ್ಲ ಸರಿಯಾಗಿ ಮಾಡಿದ್ದೀರಿ. ನಡುಕ ಇರುವವರೆಗೆ ಮೈ ಹೋರಾಡುತ್ತಿದೆ ಅಂತ. ನಡುಕ ನಿಂತು ಮಾತು ತೊದಲಿದರೆ, ಅಲ್ಲಿಂದ ನಿಜವಾದ ಅಪಾಯ. ಹಿಮ ಬೀಳುವ ಚಳಿಗಿಂತ ಇಂಥ ಮಳೆ ಗಾಳಿಯ ಐದಾರು ಡಿಗ್ರಿಯೇ ಎಷ್ಟೋ ಸಲ ಕೆಟ್ಟದ್ದು, ಯಾಕೆಂದರೆ ಒದ್ದೆಯಾಗುತ್ತೀರಿ. ಒಂದು ಜೊತೆ ಒಣ ಬಟ್ಟೆ ಮಲಗುವುದಕ್ಕೇ ಅಂತ ಚೀಲದಲ್ಲಿ ಕಟ್ಟಿಡಿ. ಏನೇ ಆದರೂ ನಡೆಯುವಾಗ ಮುಟ್ಟಬೇಡಿ.

ಗ್ರಾಂಲೆಕ್ಕ:
ಅದೊಂದು ಜೊತೆಯ ತೂಕಕ್ಕೆ ನನ್ನದೂ ಒಪ್ಪಿಗೆ ಇದೆ. ದಾಖಲಾಗಲಿ.

ಕುತೂಹಲಿ:
ಇನ್ನೊಂದು ದಡ್ಡ ಪ್ರಶ್ನೆ. ಆರು ದಿನ... ಶೌಚ?

ತೊರೆನೀರು:
ದಡ್ಡ ಪ್ರಶ್ನೆ ಅಲ್ಲ, ಎಲ್ಲರೂ ಕೇಳಬೇಕಾದ್ದು. ನೀರು, ದಾರಿ, ಟೆಂಟು ಮೂರರಿಂದಲೂ 60 ಮೀಟರ್ ದೂರ ಹೋಗಿ. ಸಣ್ಣ ಸಲಿಕೆಯಿಂದ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ. ಮುಗಿದ ಮೇಲೆ ಮಣ್ಣು ಮುಚ್ಚಿ. ಕಾಗದ ಚೀಲದಲ್ಲಿ ವಾಪಸ್. ಒದ್ದೆ ವೈಪ್ಸ್ ಅಂತೂ ಹೂಳಲೇಬೇಡಿ, ಅದು ಕೊಳೆಯುವುದಿಲ್ಲ.

ಸುಮ್ನೆಬಂದೆ:
ಊಟ ಮಾಡ್ತಾ ಇದನ್ನು ಓದಬಾರದಿತ್ತು.

ಮಂಜುಹಾದಿ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಚರ್ಚೆ ಇನ್ನೂ ತೆರೆದಿದೆ, ಪುಣ್ಯ.

ಕಳೆದ ವಾರ ಎರಡು ದಿನದ ಸಣ್ಣ ಚಾರಣಕ್ಕೆ ಹೋಗಿದ್ದೆ. ಮೊದಲ ದಿನ 19 ಕಿ.ಮೀ., ಏರು 900 ಮೀಟರ್. ಈ ಸಲ ಮನೆಯಲ್ಲೇ ಲೆಕ್ಕ ಹಾಕಿದೆ. 3 ಗಂಟೆ 48 ನಿಮಿಷ, ಒಂದೂವರೆ ಗಂಟೆ, ಐದನೇ ಒಂದು ಭಾಗ ಹೊರೆಗೆ, ಒಂದೂವರೆ ಗಂಟೆ ನಿಲುಗಡೆಗೆ. ಹತ್ತಿರ ಹತ್ತಿರ ಎಂಟು ಗಂಟೆ. ರಾತ್ರಿಯೇ ನೀರು ತುಂಬಿಸಿಟ್ಟೆ. 6:10ಕ್ಕೆ ಹೊರಟೆ. ಒದ್ದೆ ಟೆಂಟನ್ನು ಚೀಲಕ್ಕೆ ತುರುಕುವಾಗ ಕೈ ಮರಗಟ್ಟಿತು, ನಿಧಾನಿಯವರನ್ನು ಸ್ವಲ್ಪ ಬೈದೆ. ಜೀನ್ಸ್ ಇಲ್ಲ. ಬೂಟು ಈಗ ಹಳೆಯದಾಗಿದೆ. ಹಿಮ್ಮಡಿಗೆ ಮೊದಲೇ ಟೇಪ್ ಹಾಕಿದ್ದೆ. ಎರಡು ಕೋಲು ಇತ್ತು, ಟಕ್ ಟಕ್ ಸದ್ದು ಬಂತು, ಕ್ಷಮಿಸಿ.

ತಲುಪಿದಾಗ ಎರಡು ಗಂಟೆ ಹತ್ತು ನಿಮಿಷ.

ನಿಧಾನಿ:
ಶಭಾಷ್ ಮಗಳೇ.

ಹಳೇಬೂಟು:
ನೋಡಿ, ಬೂಟು.

ಓಟದಶೂ:
ಮತ್ತೆ ಶುರುವಾಯಿತು.

ಮಂಜುಹಾದಿ:
ಒಂದು ಸಮಸ್ಯೆ ಮಾತ್ರ ಬಂತು, ಅದನ್ನು ಯಾರೂ ಮೊದಲೇ ಹೇಳಲಿಲ್ಲ. ಎರಡು ಗಂಟೆಗೆ ತಲುಪಿ, ಟೆಂಟು ಹಾಕಿ, ಕಾಲು ತೊಳೆದು, ಬಟ್ಟೆ ಒಣಗಲು ಹಾಕಿದ ಮೇಲೆ ಇನ್ನೂ ನಾಲ್ಕು ಗಂಟೆ ಬೆಳಕಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಮಾಡಲು ಏನೂ ಇಲ್ಲ. ಆ ಕಾದಂಬರಿ ಬೇಕಿತ್ತು ಅನ್ನಿಸಿತು.

ಗ್ರಾಂಲೆಕ್ಕ:
ಎಷ್ಟು ಗ್ರಾಂ ಇತ್ತು ಅದು?

ಮಂಜುಹಾದಿ:
780.

ಗ್ರಾಂಲೆಕ್ಕ:
ಓದಬೇಕಾದ ನೂರು ಪುಟ ಮಾತ್ರ ಕತ್ತರಿಸಿ ತಗೊಂಡು ಹೋಗಿ.

ಕಥೆಗಾರ್ತಿ:
ಪುಸ್ತಕ ಕತ್ತರಿಸುವುದಾ?! ಈ ಮನುಷ್ಯನನ್ನು ಯಾರಾದರೂ ಇಲ್ಲಿಂದ ಹೊರಗೆ ಹಾಕಿ.